ಹಾಲು ಉಕ್ಕದ ಮನೆ

ನಮ್ಮೂರಿಗೆ ಬಸ್ಸು ಬರುತ್ತದೆ, ಆದರೆ ಬಸ್ಸಿನ ಬೋರ್ಡಿನಲ್ಲಿ ಊರಿನ ಹೆಸರಿರುವುದಿಲ್ಲ. ಹೆಸರು ಬರೆದರೆ ಜನ ಬಂದುಬಿಟ್ಟಾರು, ಬಂದವರು ಕಾಫಿ ಕೇಳಿಬಿಟ್ಟಾರು ಎಂಬ ಭಯ. ಕಾಫಿ ಎಂದರೆ ಹಾಲು, ಹಾಲು ಎಂದರೆ ನಮ್ಮೂರಿನಲ್ಲಿ ಮನೆಯ ಮರ್ಯಾದೆ. ಯಾರ ಮನೆಯಲ್ಲಿ ಒಬ್ಬರ ಮನಸ್ಸು ಕಾಯಿಲೆ ಬೀಳುತ್ತದೋ ಆ ಮನೆಯ ಒಲೆಯ ಮೇಲೆ ಹಾಲು ಉಕ್ಕುವುದಿಲ್ಲ. ನೀರು ಕುದಿಯುತ್ತದೆ, ಅನ್ನ ಬೇಯುತ್ತದೆ, ಸಾರು ಕೊತಕೊತ ಅನ್ನುತ್ತದೆ. ಹಾಲು ಮಾತ್ರ ಬಿಸಿಯಾಗಿ, ಕೆನೆ ಹೊದ್ದುಕೊಂಡು, ಸುಮ್ಮನೆ ಕೂತಿರುತ್ತದೆ. ಸಿಲಿಂಡರು ಖಾಲಿ ಮಾಡಿದರೂ ಅಷ್ಟೇ. ಮಧ್ಯಾಹ್ನದ ಹೊತ್ತಿಗೆ ಒಡೆದುಹೋಗುತ್ತದೆ.

ಇದೇನು ವಿಚಿತ್ರ ಎಂದು ಕೇಳುವವರು ನಮ್ಮೂರಿನವರಲ್ಲ. ಹೊರಗಡೆ ಊರುಗಳಲ್ಲಿ ಮನಸ್ಸು ಕೆಟ್ಟರೆ ಏನೂ ಆಗುವುದಿಲ್ಲವಂತೆ, ಹಾಲು ತನ್ನ ಪಾಡಿಗೆ ತಾನು ಉಕ್ಕುತ್ತದಂತೆ, ಪಕ್ಕದ ಮನೆಯವರಿಗೂ ಗೊತ್ತಾಗುವುದಿಲ್ಲವಂತೆ. ನನಗೆ ಅದು ವಿಚಿತ್ರ.

ದುಃಖ ಬೇರೆ, ಇದು ಬೇರೆ. ನನ್ನ ಯಜಮಾನರು ತೀರಿಕೊಂಡಾಗ ನಾನು ಅತ್ತು ಅತ್ತು ಗಂಟಲು ಕಟ್ಟಿಸಿಕೊಂಡಿದ್ದೆ. ಆದರೂ ಮತ್ತೆ ಒಲೆ ಹಚ್ಚಿದ ದಿನವೇ ಹಾಲು ಬುಸ್ಸೆಂದು ಉಕ್ಕಿ ಕಟ್ಟೆಯ ಮೇಲೆಲ್ಲ ಹರಿಯಿತು. ನೆಂಟರ ಮುಂದೆ ನನಗೇ ನಾಚಿಕೆಯಾಯಿತು. ಅದೇ ಅಕ್ಕಿ ಗಿರಣಿಯ ಸಾಹುಕಾರರ ಮನೆಯಲ್ಲಿ, ಮಗಳ ಮದುವೆ ಅದ್ದೂರಿಯಾಗಿ ನಡೆದು ಇನ್ನೂ ಚಪ್ಪರ ಬಿಚ್ಚಿರಲಿಲ್ಲ, ಹಾಲು ನಿಂತುಹೋಯಿತು. ಅತ್ತವರ ಮನೆಯಲ್ಲಿ ಉಕ್ಕುತ್ತದೆ, ನಕ್ಕವರ ಮನೆಯಲ್ಲಿ ನಿಲ್ಲುತ್ತದೆ. ಇದು ಊರಿನ ಎಲ್ಲರಿಗೂ ಗೊತ್ತು. ಗೊತ್ತಿದ್ದೂ ಹಾಲು ನಿಂತ ಮನೆಗೆ ಹೋಗಿ ಎಲ್ಲರೂ ಕೇಳುವ ಮೊದಲ ಪ್ರಶ್ನೆ, ನಿನಗೇನು ಕಡಿಮೆಯಾಗಿದೆ ಎಂದು.

ಹಾಲು ಉಕ್ಕದ ಮನೆಯವರು ಪಾತ್ರೆಗೆ ತಟ್ಟೆ ಮುಚ್ಚಿಕೊಂಡು ಪಕ್ಕದ ಮನೆಗೆ ತಂದು ಕಾಯಿಸಿಕೊಂಡು ಹೋಗುವುದು ನಮ್ಮಲ್ಲಿ ತಲೆತಲಾಂತರದಿಂದ ಬಂದ ಪದ್ಧತಿ. ಕಾಯಿಸಿಕೊಟ್ಟವರು ಏನನ್ನೂ ಮುಟ್ಟುವಂತಿಲ್ಲ. ಬದಲಿಗೆ ಬುದ್ಧಿ ಹೇಳಬಹುದು. ಹಾಲು ತಂದವರು ಅದು ಉಕ್ಕುವ ತನಕ ಹೊಸ್ತಿಲು ದಾಟದೆ ನಿಂತು ಕೇಳಬೇಕು. ಮಧ್ಯದಲ್ಲಿ ಹೊರಟುಹೋದರೆ ಕಾಯಿಸಿದ ಮನೆಗೆ ಒಳ್ಳೆಯದಲ್ಲ ಎಂದು ನಂಬಿಕೆ. ಅದಕ್ಕೇ ನಮ್ಮ ಬೀದಿಯಲ್ಲಿ ಕೆಲವರು ಬೇರೆಯವರ ಹಾಲನ್ನು ಸಣ್ಣ ಉರಿಯಲ್ಲಿ ಕಾಯಿಸುತ್ತಾರೆ. ನಿವೃತ್ತ ಮೇಷ್ಟ್ರು ಶ್ರೀಕಂಠಯ್ಯನವರಂತೂ ಸೀಮೆಎಣ್ಣೆ ಸ್ಟೌವನ್ನು ಇದೊಂದು ಕೆಲಸಕ್ಕೇ ಇಟ್ಟುಕೊಂಡಿದ್ದಾರೆ. ನಾನು ಅಂಥವಳಲ್ಲ, ಮಧ್ಯಮ ಉರಿ.

ಇನ್ನು ಮರ್ಯಾದಸ್ಥರು ಪಾತ್ರೆ ಹಿಡಿದು ಹೊರಗೆ ಬರುವುದಿಲ್ಲ. ಅವರು ಬೆಳಿಗ್ಗೆ ಕಾದ ಕಾವಲಿಯ ಮೇಲೆ ಒಂದು ಸೌಟು ಹಾಲು ಚೆಲ್ಲಿ ಸೀದ ವಾಸನೆ ಬೀದಿಗೆ ಹೋಗುವಂತೆ ಕಿಟಕಿ ತೆಗೆದಿಡುತ್ತಾರೆ. ನೋಡಿ, ನಮ್ಮನೆ ಹಾಲು ಉಕ್ಕಿತು, ಎಷ್ಟು ಉಕ್ಕಿತೆಂದರೆ ಒಲೆಯೆಲ್ಲ ಹಾಳಾಯಿತು ಎಂದು ಸಾರುವುದು ಅದರ ಉದ್ದೇಶ. ಹಾಲು ಸರಿಯಾಗಿ ಉಕ್ಕುವ ಮನೆಯವರು ಕಣ್ಣಿಟ್ಟು ಕಾದು ಸಮಯಕ್ಕೆ ಇಳಿಸುತ್ತಾರೆ, ಅಲ್ಲಿಂದ ವಾಸನೆ ಬರುವುದೇ ಇಲ್ಲ. ಹಾಗಾಗಿ ಸೀದ ಹಾಲಿನ ವಾಸನೆ ಬಂದರೆ ಸಾಕು, ಪಾಪ ಅವರ ಮನೆಯಲ್ಲಿ ಯಾರಿಗೋ ಹುಷಾರಿಲ್ಲ ಎಂದು ಇಡೀ ಬೀದಿಗೆ ತಿಳಿಯುತ್ತದೆ.

ನನ್ನ ಮನೆಗೆ ಗೋಡೆ ಹಂಚಿಕೊಂಡ ಮನೆ ಲೈನ್‌ಮನ್ ಮರಿಸ್ವಾಮಿಯದು. ಆ ಮನೆಯಿಂದ ಒಂದು ಯುಗಾದಿ ಕಳೆದ ಮೇಲೆ ಸೀದ ವಾಸನೆ ಶುರುವಾಯಿತು. ಮರಿಸ್ವಾಮಿಯ ತಾಯಿ ಚೆನ್ನಾಜಮ್ಮ ಕಾವಲಿಯ ಕೆಲಸ ನೋಡಿಕೊಳ್ಳುತ್ತಿದ್ದರು. ಮೊದಲು ಅವರು ಹಾಲಿನವನನ್ನು ಬದಲಾಯಿಸಿದರು. ಆಮೇಲೆ ಹಸುವಿನ ಹಾಲು ಬಿಟ್ಟು ಎಮ್ಮೆಯ ಹಾಲು ಹಿಡಿದರು. ಸೊಸೆ ತವರಿನಿಂದ ತಂದಿದ್ದ ಹಿತ್ತಾಳೆಯ ಪಾತ್ರೆಯಲ್ಲೇ ದೋಷವಿದೆಯೆಂದು ಅದನ್ನು ಅಟ್ಟಕ್ಕೆ ಎಸೆದು ಸ್ಟೀಲಿನದು ತಂದರು. ಒಲೆಯನ್ನು ಆಗ್ನೇಯ ಮೂಲೆಗೆ ತಳ್ಳಿಸಿದರು. ಅಲ್ಲಿಗೆ ಹಾಲಿಗೆ ಮಾಡಬಹುದಾದ ಚಿಕಿತ್ಸೆಯೆಲ್ಲ ಮುಗಿಯಿತು. ಬೇರೆ ದಾರಿಯಿಲ್ಲದೆ ಮನುಷ್ಯರ ಕಡೆ ನೋಡಿದರು.

ಅದಕ್ಕೂ ನಮ್ಮಲ್ಲಿ ಕ್ರಮವಿದೆ. ಒಬ್ಬೊಬ್ಬರನ್ನೇ ಬೇರೆ ಮನೆಯಲ್ಲಿ ಮಲಗಿಸಿ, ಬೆಳಿಗ್ಗೆ ಹಾಲಿಟ್ಟು ನೋಡುವುದು. ಚೆನ್ನಾಜಮ್ಮ ಮಗಳ ಮನೆಯಲ್ಲಿ ಮಲಗಿ ಬಂದರು, ಹಾಲು ಅಲ್ಲಾಡಲಿಲ್ಲ. ಮರಿಸ್ವಾಮಿ ಆಫೀಸಿನಲ್ಲಿ ಮಲಗಿದ, ಇಲ್ಲ. ಸೊಸೆ ದಾಕ್ಷಾಯಿಣಿ ನಮ್ಮ ಮನೆಯಲ್ಲಿ ಮಲಗಿದಳು. ಆಚೆ ಮನೆಯ ಹಾಲು ಉಕ್ಕಿತು, ನನ್ನ ಮನೆಯದು ನಿಂತಿತು. ಚೆನ್ನಾಜಮ್ಮನಿಗೆ ಆದ ಸಮಾಧಾನ ನೋಡಬೇಕಿತ್ತು. ಕಾಯಿಲೆ ಬಂದರೂ ಬರಬೇಕಾದವರಿಗೇ ಬಂದಿದೆ ಎನ್ನುವ ಸಮಾಧಾನ.

ದಾಕ್ಷಾಯಿಣಿ ಸೀರೆಗಳಿಗೆ ಕುಚ್ಚು ಕಟ್ಟುತ್ತಿದ್ದವಳು. ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. ಕುಚ್ಚು ಕಟ್ಟುತ್ತ ಸೀರೆಯ ಯಜಮಾನಿಯನ್ನು ಅವಳ ಎದುರಿಗೇ ಆಡಿಕೊಂಡು ನಗಿಸುವಳು. ನನಗಿಂತ ಹದಿನೈದು ವರ್ಷ ಚಿಕ್ಕವಳಾದರೂ ಈ ಬೀದಿಯಲ್ಲಿ ನನ್ನ ಮಾತಿಗೆ ಮಾತು ಕೊಡುತ್ತಿದ್ದವಳು ಅವಳೊಬ್ಬಳೇ. ಅವಳು ಮಾತು ನಿಲ್ಲಿಸಿದ್ದು ನನಗೆ ಹಾಲಿಗಿಂತ ಮುಂಚೆ ಗೊತ್ತಾಗಿತ್ತು. ನನ್ನ ರೇಷ್ಮೆ ಸೀರೆಗೆ ಅರ್ಧ ಸೆರಗಿನವರೆಗೆ ಕುಚ್ಚು ಬಂದಿತ್ತು. ಉಳಿದರ್ಧ ಎಳೆ ಎಳೆಯಾಗಿ ಹಾಗೇ ನೇತಾಡುತ್ತಿತ್ತು. ಕೇಳಿದರೆ, ಬೆರಳಿಗೆ ದಾರ ಸಿಗ್ತಿಲ್ಲ ಅಕ್ಕ ಎಂದಳು.

ಸರ್ಕಾರಿ ಆಸ್ಪತ್ರೆಯಲ್ಲಿ ಮನಸ್ಸಿನ ಡಾಕ್ಟರು ಮೆಹರುನ್ನಿಸಾ ಇದ್ದಾರೆ. ಅವರ ಕೋಣೆ ಹಲ್ಲಿನ ಡಾಕ್ಟರ ಕೋಣೆಯ ಎದುರಿಗಿದೆ. ಅದರಿಂದ ನಮ್ಮೂರಿನಲ್ಲಿ ಯಾರಿಗೂ ಮನಸ್ಸಿನ ಕಾಯಿಲೆಯಿಲ್ಲ, ಎಲ್ಲರಿಗೂ ಹಲ್ಲುನೋವು. ಬಾಯಲ್ಲಿ ಒಂದು ಹಲ್ಲೂ ಇಲ್ಲದ ಮುದುಕರು ಸಹ ಹಲ್ಲುನೋವೆಂದು ಹೋಗಿ ಮಾತ್ರೆ ತರುತ್ತಾರೆ. ಬಹಳ ಜನರಿಗೆ ಮೊದಲ ಮಾತ್ರೆಗೋ ಎರಡನೆಯದಕ್ಕೋ ಗುಣ ಕಾಣುತ್ತದೆ. ತಿಂಗಳೊಪ್ಪತ್ತಿನಲ್ಲಿ ಹಾಲು ಉಕ್ಕುತ್ತದೆ. ಮನೆಯವರು ಬೀದಿಗೆಲ್ಲ ಪಾಯಸ ಹಂಚಿ, ಮಾತ್ರೆಯಿಂದೇನೂ ಅಲ್ಲ, ಮನೆದೇವರಿಗೆ ಹರಕೆ ಹೊತ್ತಿದ್ದೆವು ಎನ್ನುತ್ತಾರೆ. ಡಾಕ್ಟರು ಪಾಯಸ ಕುಡಿದು ಹೌದೆಂದು ತಲೆಯಾಡಿಸುತ್ತಾರೆ. ಸಮಾಧಾನಸ್ಥೆ ಆಕೆ.

ದಾಕ್ಷಾಯಿಣಿಗೆ ಮೊದಲ ಮಾತ್ರೆಯಲ್ಲಿ ಆಗಲಿಲ್ಲ. ಸರಿಯಾಗಿ ನುಂಗುತ್ತಿದ್ದಾಳೆಯೇ, ಪ್ರಮಾಣ ಸಾಕೇ, ಥೈರಾಯ್ಡಿನ ತೊಂದರೆಯಿದೆಯೇ ಎಂದೆಲ್ಲ ನೋಡಿ ಡಾಕ್ಟರು ಮಾತ್ರೆ ಬದಲಾಯಿಸಿದರು. ಆಗಲಿಲ್ಲ. ಅದರ ಜೊತೆಗೆ ಇನ್ನೊಂದನ್ನು ಸೇರಿಸಿದರು. ಸ್ವಲ್ಪ ನಿದ್ದೆ ಬಂತು, ಅಷ್ಟೇ. ವಾರಕ್ಕೊಮ್ಮೆ ಕೂರಿಸಿಕೊಂಡು ಮಾತಾಡಿಸಿ ಮಾಡುವ ಚಿಕಿತ್ಸೆಯೂ ನಡೆಯಿತು. ಮಾತಾಡಲು ಆಸ್ಪತ್ರೆಗೆ ಹೋಗುವುದೇಕೆ, ಮನೆಯಲ್ಲಿ ನಾನಿಲ್ಲವೇ ಎಂದು ಚೆನ್ನಾಜಮ್ಮ ಬಹಳ ನೊಂದುಕೊಂಡರು.

ಹೀಗೆ ಎರಡು ಯುಗಾದಿ ಕಳೆದವು. ಮಾತ್ರೆ ಕೆಲಸ ಮಾಡಲಿಲ್ಲ ಎಂದು ಬೀದಿಯಲ್ಲಿ ಒಬ್ಬರೂ ಅನ್ನಲಿಲ್ಲ. ದಾಕ್ಷಾಯಿಣಿ ಕೆಲಸ ಮಾಡಲಿಲ್ಲ ಎಂದರು. ಅವಳಿಗೇ ವಾಸಿಯಾಗುವ ಮನಸ್ಸಿಲ್ಲ ಎಂದರು. ಚೆನ್ನಾಜಮ್ಮನ ಸಕ್ಕರೆ ಕಾಯಿಲೆಗೆ ಮಾತ್ರೆ ಎಷ್ಟು ಸಲ ಬದಲಾಯಿತು, ಕೊನೆಗೆ ಸೂಜಿಗೆ ಬಂದು ನಿಂತಿತು. ಆಗ ಯಾರೂ ಅವರಿಗೆ ಸಕ್ಕರೆ ಇಳಿಸಿಕೊಳ್ಳುವ ಮನಸ್ಸಿಲ್ಲ ಎನ್ನಲಿಲ್ಲ. ಮಕ್ಕಳಿಲ್ಲದ್ದಕ್ಕೆ ಹೀಗಾಗಿದೆ ಎಂದು ಒಬ್ಬರು ಕಂಡುಹಿಡಿದರು. ಐದು ಮಕ್ಕಳಿರುವ ಮೂಲೆಮನೆಯಲ್ಲೂ ಹಾಲು ನಿಂತಿದೆಯಲ್ಲ ಎಂದೆ. ಅದು ಮಕ್ಕಳು ಜಾಸ್ತಿಯಾದದ್ದಕ್ಕೆ ಎಂದರು.

ಅಷ್ಟು ಹೊತ್ತಿಗೆ ಚೆನ್ನಾಜಮ್ಮನ ಕಾವಲಿ ಸವೆದು, ದಾಕ್ಷಾಯಿಣಿ ಅಟ್ಟದಿಂದ ತನ್ನ ಹಿತ್ತಾಳೆ ಪಾತ್ರೆ ಇಳಿಸಿ ನನ್ನ ಮನೆಗೆ ಹಾಲು ತರುತ್ತಿದ್ದಳು. ನಾನು ಮಧ್ಯಮ ಉರಿಯಲ್ಲಿಟ್ಟು ಬುದ್ಧಿ ಹೇಳುತ್ತಿದ್ದೆ. ಹೊರಗೆ ಓಡಾಡು ಎಂದೆ, ಹೂವಿನ ಗಿಡ ಹಾಕು ಎಂದೆ. ಅವಳು ಹೂಂ ಎನ್ನುತ್ತಿದ್ದಳು. ನಾನು ಬೇರೆ ಊರಿಗೆ ಹೋದಾಗ ಒಮ್ಮೆ ಮೇಷ್ಟ್ರ ಮನೆಗೆ ಪಾತ್ರೆ ಹೋಯಿತು. ಶ್ರೀಕಂಠಯ್ಯನವರು ಸೂರ್ಯೋದಯಕ್ಕೆ ಮುಂಚೆ ಏಳುವುದು, ಎದೆ ಸೆಟೆಸಿ ನಡೆಯುವುದು, ಕನ್ನಡಿಯ ಮುಂದೆ ನಿಂತು ನಾನು ಸುಖಿ ಎಂದು ಹೇಳಿಕೊಳ್ಳುವುದು ಮೊದಲಾದ ವಿಷಯಗಳ ಮೇಲೆ ಬೆಳಗಿನ ತಿಂಡಿಯ ತನಕ ಮಾತಾಡಿದರು. ಅದನ್ನು ಕಿಟಕಿಯಾಚೆಯಿಂದ ಕೇಳಿಸಿಕೊಂಡ ಅವರ ಪಕ್ಕದ ಮನೆಯವರ ಹಾಲೇ ಮಾರನೆಯ ದಿನ ತಡವಾಗಿ ಉಕ್ಕಿತಂತೆ.

ಆಗ ಡಾಕ್ಟರು ಗಂಡಹೆಂಡಿರನ್ನು ಕೂರಿಸಿಕೊಂಡರು. ಜೊತೆಗೆ ನಾನೂ ಹೋಗಿದ್ದೆ, ಹಲ್ಲುನೋವೆಂದು. ಮಾತ್ರೆಗೆ ಬಗ್ಗದ ಖಿನ್ನತೆ ಎಂದು ಒಂದಿದೆ, ಅದು ರೋಗಿಯ ತಪ್ಪಲ್ಲ, ಅಲ್ಲಿಗೆ ದಾರಿ ಮುಗಿಯುವುದೂ ಇಲ್ಲ ಎಂದರು. ಆಯಸ್ಕಾಂತದಂಥ ಯಂತ್ರವನ್ನು ತಲೆಯ ಹತ್ತಿರ ಹಿಡಿದು ಮಾಡುವ ಚಿಕಿತ್ಸೆಯಿದೆ, ಆದರೆ ಅದು ದೂರದ ಪಟ್ಟಣದಲ್ಲಿ, ವಾರಗಟ್ಟಲೆ ದಿನಾ ಹೋಗಬೇಕು. ಮೂಗಿಗೆ ಬಿಡುವ ಹೊಸ ಔಷಧಿಯಿದೆ, ಅದೂ ಇಲ್ಲಿಗೆ ಬಂದಿಲ್ಲ. ಇಲ್ಲೇ ಆಗುವಂಥದ್ದು, ಇಷ್ಟು ಜೋರಾಗಿರುವಾಗ ಬೇಗ ಕೈಹಿಡಿಯುವಂಥದ್ದು ಇನ್ನೊಂದಿದೆ, ಅದು ವಿದ್ಯುತ್ ಚಿಕಿತ್ಸೆ ಎಂದರು. ಮರಿಸ್ವಾಮಿ ಕುರ್ಚಿಯಿಂದ ಎದ್ದ. ನಮಸ್ಕಾರ ಎಂದ. ಹೆಂಡತಿಯ ಕೈಹಿಡಿದು ಹೊರಟೇಬಿಟ್ಟ.

ಸಿನಿಮಾ ನೋಡಿ ಹೆದರಿದವರು ಊರ ತುಂಬ ಇದ್ದರು. ತಲೆಗೆ ಕರೆಂಟು ಕೊಟ್ಟರೆ ಬುದ್ಧಿ ಸುಟ್ಟುಹೋಗುತ್ತದೆಂದು ಚೆನ್ನಾಜಮ್ಮ ಸಾರಿಕೊಂಡು ಬಂದರು. ಅವರಿಗೆ ಸೊಸೆಯ ಬುದ್ಧಿಯ ಮೇಲೆ ಅಷ್ಟು ಪ್ರೀತಿಯಿದ್ದದ್ದು ನನಗೆ ಅಂದೇ ಗೊತ್ತಾದದ್ದು. ಆದರೆ ಮರಿಸ್ವಾಮಿಯ ಹೆದರಿಕೆ ಸಿನಿಮಾದ್ದಲ್ಲ. ಅವನ ಜೋಡಿ ನಂಜುಂಡ ಕಂಬದ ಮೇಲಿದ್ದಾಗ ಕೆಳಗಡೆ ಯಾರೋ ಲೈನಿಗೆ ಕರೆಂಟು ಬಿಟ್ಟಿದ್ದರು. ಇಳಿಸಿಕೊಂಡವನು ಮರಿಸ್ವಾಮಿ. ಆ ವಾಸನೆ ಇನ್ನೂ ಮೂಗಿನಲ್ಲಿದೆ ಎಂದು ಒಮ್ಮೆ ನನ್ನ ಜಗಲಿಯ ಮೇಲೆ ಕೂತು ಹೇಳಿದ್ದ. ಊರಿಗೆಲ್ಲ ಬೆಳಕು ಕೊಡುವವನು ಮನೆಯಲ್ಲಿ ಸ್ವಿಚ್ ಹಾಕುವಾಗ ಇವತ್ತಿಗೂ ಕಣ್ಣು ಮುಚ್ಚುತ್ತಾನೆ. ಅವನನ್ನು ಆಡಿಕೊಳ್ಳಲು ನನಗೂ ಬಾಯಿ ಬರಲಿಲ್ಲ.

ಆಮೇಲೆ ದಾಕ್ಷಾಯಿಣಿ ಊಟ ಬಿಡುತ್ತ ಬಂದಳು. ಬೆಳಿಗ್ಗೆ ಹಾಲು ತರುವುದೊಂದು ಬಿಟ್ಟರೆ ಹಾಸಿಗೆಯಿಂದ ಏಳುತ್ತಿರಲಿಲ್ಲ. ಒಂದು ಬೆಳಿಗ್ಗೆ ತಲೆ ಬಾಚಿ, ಒಗೆದ ಸೀರೆ ಉಟ್ಟು ಬಂದಳು. ಮುಖ ಬಹಳ ದಿನಗಳ ಮೇಲೆ ತಿಳಿಯಾಗಿತ್ತು. ನನ್ನ ಬುದ್ಧಿಮಾತು ಕೊನೆಗೂ ನಾಟಿತೆಂದು ನಾನು ಹಿಗ್ಗಿದೆ. ಹಾಲು ಒಲೆಯ ಮೇಲಿಟ್ಟು ತಿರುಗುವಷ್ಟರಲ್ಲಿ ಅವಳು ಹೇಳಿದಳು.

"ಮಂಗಳಕ್ಕ, ಈ ಪಾತ್ರೆ ಇನ್ನು ನಿಮ್ಮತ್ರಾನೇ ಇರ್ಲಿ. ನಿಮ್ಮ ಸೀರೆ ಅರ್ಧಕ್ಕೇ ನಿಂತೋಯ್ತು, ಬೇಜಾರು ಮಾಡ್ಕೋಬೇಡಿ."

"ಯಾಕೆ, ಎಲ್ಲಿಗೆ ಹೊರಟೆ?"

"ಎಲ್ಲಿಗೂ ಇಲ್ಲ. ನಾಳೆಯಿಂದ ಬೇಕಾಗಲ್ಲ ಅಂತ."

ನಾನು ಇಷ್ಟು ವರ್ಷ ಬಾಯಿಬಡುಕಿ ಎನ್ನಿಸಿಕೊಂಡವಳು, ಆ ಹೊತ್ತಿಗೆ ಒಂದು ಮಾತೂ ಹೊಳೆಯಲಿಲ್ಲ. ಹೊಳೆದದ್ದು ಒಂದೇ, ಹಾಲು ಉಕ್ಕುವ ತನಕ ಇವಳು ಹೊಸ್ತಿಲು ದಾಟುವ ಹಾಗಿಲ್ಲ. ಸಾಯಲು ಮನಸ್ಸು ಮಾಡಿದವಳೂ ಪಕ್ಕದ ಮನೆಗೆ ಕೆಡುಕಾಗಬಾರದೆಂದು ನಿಲ್ಲುತ್ತಾಳೆ, ನಮ್ಮೂರಿನ ಹೆಂಗಸರು ಅಂಥವರು. ಅವಳಿಗೆ ಬೆನ್ನು ಮಾಡಿ ನಿಂತು ಒಲೆಯ ಉರಿಯನ್ನು ಪೂರ್ತಿ ಆರಿಸಿದೆ. ಸೆರಗಿನ ಮರೆಯಲ್ಲಿ ಮರಿಸ್ವಾಮಿಗೆ ಫೋನು ಮಾಡಿ, ನಮ್ಮನೆ ಕರೆಂಟು ಹೋಗಿದೆ, ಮೆಹರುನ್ನಿಸಾ ಮೇಡಂ ಮನೆಯದೂ ಹೋಗಿದೆಯಂತೆ, ಅವರನ್ನೂ ಕರಕೊಂಡು ಈಗಿಂದೀಗ ಬಾ ಎಂದೆ. ತಲೆಯ ಮೇಲೆ ಫ್ಯಾನು ತಿರುಗುತ್ತಿತ್ತು. ದಾಕ್ಷಾಯಿಣಿ ಅದನ್ನೂ ನೋಡಲಿಲ್ಲ.

ಆಮೇಲೆ ಮಾತಿಗೆ ಶುರುಮಾಡಿದೆ. ಬುದ್ಧಿಮಾತಲ್ಲ, ಅದು ಆ ದಿನ ಖರ್ಚಾಗಿಹೋಗಿತ್ತು. ನನ್ನ ಮದುವೆಯಲ್ಲಿ ಹೋಳಿಗೆ ಹಳಸಿದ್ದು, ಯಜಮಾನರು ಗೊರಕೆ ಹೊಡೆಯುತ್ತ ಮಂಚದಿಂದ ಬಿದ್ದದ್ದು, ಮೇಷ್ಟ್ರು ಕನ್ನಡಿಯ ಮುಂದೆ ನಾನು ಸುಖಿ ಎನ್ನುವಾಗ ಹೆಂಡತಿ ಒಳಗಿನಿಂದ ಅದೊಂದು ಗೊತ್ತು ನಿಮಗೆ ಎಂದದ್ದು, ಬಾಯಿಗೆ ಬಂದದ್ದೆಲ್ಲ ಹೇಳಿದೆ. ಅವಳು ಬಾಗಿಲಿಗೆ ಒರಗಿ ನಿಂತಿದ್ದಳು. ಒಮ್ಮೆ, ಹಾಲು ಯಾಕೋ ತಡ ಆಯ್ತಲ್ಲಕ್ಕ ಎಂದಳು. ನಿನ್ನ ಅತ್ತೆ ತಂದಿರೋ ಎಮ್ಮೆ ಹಾಲು, ಅವರ ಹಾಗೇ ಜಗ್ಗಲ್ಲ ಎಂದೆ. ನಗಲಿಲ್ಲ. ಆದರೆ ಹೋಗಲೂ ಇಲ್ಲ. ಮರಿಸ್ವಾಮಿಯ ಬೈಕು ಬಂದು ನಿಂತಾಗ ನನ್ನ ಗಂಟಲಿನಲ್ಲಿ ಉಗುಳು ಉಳಿದಿರಲಿಲ್ಲ. ಹಿಂದೆ ಕೂತಿದ್ದ ಡಾಕ್ಟರು ಇಳಿದವರೇ ಒಲೆಯ ಕಡೆ ನೋಡಿದರು, ನನ್ನ ಕಡೆ ನೋಡಿದರು. ಏನೂ ಕೇಳದೆ ಒಳಗೆ ಬಂದು ದಾಕ್ಷಾಯಿಣಿಯ ಪಕ್ಕದಲ್ಲಿ ನೆಲದ ಮೇಲೆ ಕೂತರು.

ಅಂದೇ ಆಸ್ಪತ್ರೆಗೆ ಸೇರಿಸಿದ್ದಾಯಿತು. ಮಾರನೆಯ ಬೆಳಿಗ್ಗೆ ಚೆನ್ನಾಜಮ್ಮನ ಒಲೆಯ ಮೇಲೆ ಹಾಲು ಉಕ್ಕಿತು. ಉಕ್ಕದೆ ಏನು, ರೋಗಿ ಆಸ್ಪತ್ರೆಯಲ್ಲಿ ಮಲಗಿದ್ದಳಲ್ಲ. ಅವರು ಆ ಖುಷಿಗೆ ಶಾವಿಗೆ ಪಾಯಸ ಮಾಡಿ ಹಂಚುತ್ತ ಬಂದರು. ಇನ್ನೇನು ಕರೆಂಟು ಗಿರೆಂಟು ಬೇಕಾಗಿಲ್ಲ, ನಮ್ಮನೇಲಿ ಹಾಲು ಸರಿಹೋಯಿತು ಎಂದರು. ಅತ್ತ ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಎಂದಿನಂತೆ ಹಾಲಿನ ಪುಡಿಯ ಟೀ. ಅಲ್ಲಿ ಹಾಲು ಉಕ್ಕಿದ್ದನ್ನು ಕಂಡವರಿಲ್ಲ.

ಮರಿಸ್ವಾಮಿ ಮಾತ್ರ ಟೆಸ್ಟರು ಹಿಡಿದುಕೊಂಡು ಆಸ್ಪತ್ರೆಗೆ ಹೋದ. ಯಂತ್ರ ತೋರಿಸಿ ಎಂದ. ಡಾಕ್ಟರು ತೋರಿಸಿದರು. ಪ್ಲಗ್ಗು ನೋಡಿದ, ಅರ್ತಿಂಗ್ ನೋಡಿದ, ಗೋಡೆಯ ಬೋರ್ಡು ಬಿಚ್ಚಿ ಒಳಗಿನ ವೈರುಗಳನ್ನು ಒಂದೊಂದಾಗಿ ಟೆಸ್ಟರಿನಿಂದ ಮುಟ್ಟಿ ನೋಡಿದ. ಎಲ್ಲ ಸರಿಯಾಗಿತ್ತು. ಬೇಡವೆನ್ನಲು ಒಂದು ಕಾರಣವೂ ಸಿಗದೆ ಅವನ ಮುಖ ಇಷ್ಟೇ ಇಷ್ಟಾಯಿತು. ವಾರ್ಡಿಗೆ ಬಂದರೆ ಮಂಚದ ಮೇಲೆ ದಾಕ್ಷಾಯಿಣಿ ಗೋಡೆ ನೋಡುತ್ತ ಕೂತಿದ್ದಳು. ಚೆನ್ನಾಜಮ್ಮ ಪಾಯಸದ ಡಬ್ಬಿಯೊಂದಿಗೆ ಬಾಗಿಲಲ್ಲಿ ನಿಂತಿದ್ದರು, ಅವರ ಪಕ್ಕದಲ್ಲಿ ನಾನು.

"ಮೇಡಂ, ನಾವು ಕಂಬ ಹತ್ತೋ ಮುಂಚೆ ಲೈನ್ ಕ್ಲಿಯರ್ ತಗೋತೀವಿ," ಎಂದ ಮರಿಸ್ವಾಮಿ. "ಹತ್ತಿದೋನು ಇಳಿದು ಬಂದು ಆಯ್ತು ಅನ್ನೋವರೆಗೆ ಕೆಳಗೆ ಯಾರೂ ಸ್ವಿಚ್ ಮುಟ್ಟಂಗಿಲ್ಲ. ನಂಜುಂಡ ಮೇಲಿರುವಾಗ ಅವನನ್ನ ಕೇಳದೇನೇ ಮುಟ್ಟಿದ್ರು. ಇಲ್ಲಿ ಸ್ವಿಚ್ ಯಾರ ಕೈಲಿರುತ್ತೆ?"

"ಸ್ವಿಚ್ ನನ್ನ ಕೈಲಿ," ಎಂದರು ಡಾಕ್ಟರು. "ಆದ್ರೆ ಲೈನ್ ಕ್ಲಿಯರ್ ಕೊಡೋದು ನಾನೂ ಅಲ್ಲ, ನೀವೂ ಅಲ್ಲ. ಅವರು. ಅವರನ್ನ ಯಾರಾದ್ರೂ ಕೇಳಿದೀರಾ?"

ಹಾಲಿನವನನ್ನು ಕೇಳಿದ್ದೆವು, ವಾಸ್ತುವಿನವನನ್ನು ಕೇಳಿದ್ದೆವು, ಹಾಲನ್ನೇ ಕೇಳುವುದೊಂದು ಬಾಕಿಯಿತ್ತು, ಅವಳನ್ನು ಮಾತ್ರ ಕೇಳಿರಲಿಲ್ಲ. ಮಿಕ್ಕವರಿರಲಿ, ದಿನಾ ಬೆಳಿಗ್ಗೆ ಅವಳನ್ನು ನಿಲ್ಲಿಸಿಕೊಂಡು ಮಾತಾಡಿದ ನಾನೂ ಹೇಳುತ್ತಲೇ ಇದ್ದೆ, ಕೇಳಿರಲಿಲ್ಲ. ಡಾಕ್ಟರು ದಾಕ್ಷಾಯಿಣಿಯ ಕಡೆ ತಿರುಗಿ ನಿಧಾನವಾಗಿ ವಿವರಿಸಿದರು. ಅರಿವಳಿಕೆ ಕೊಟ್ಟು ಮಲಗಿಸುತ್ತೇವೆ, ಮೈ ಸಡಿಲಾಗುವ ಔಷಧಿ ಕೊಡುತ್ತೇವೆ, ನಿಮಗೆ ಏನೂ ಗೊತ್ತಾಗುವುದಿಲ್ಲ, ಕರೆಂಟು ಕೆಲವೇ ಸೆಕೆಂಡು. ಒಂದು ಸಲಕ್ಕೆ ಮುಗಿಯುವುದಿಲ್ಲ, ಕೆಲವು ವಾರ ಮಾಡಬೇಕು. ಬಹಳ ಜನಕ್ಕೆ ಗುಣವಾಗುತ್ತದೆ, ಆಗೇ ಆಗುತ್ತದೆಂದು ಆಣೆಯಿಡಲಾರೆ. ಆಮೇಲೂ ಮಾತ್ರೆ ಬಿಡುವಂತಿಲ್ಲ. ಈಚಿನ ಕೆಲವು ನೆನಪು ಅಳಿಸಬಹುದು, ಅದರಲ್ಲಿ ಬಹಳಷ್ಟು ವಾಪಸು ಬರುತ್ತದೆ, ಕೆಲವು ಬರದೆಯೂ ಇರಬಹುದು.

"ಈ ಎರಡು ವರ್ಷದ್ದು ತಾನೇ," ಎಂದಳು ದಾಕ್ಷಾಯಿಣಿ. "ಅಳಿಸಿಹೋಗ್ಲಿ."

ಅವಳು ನಮ್ಮನ್ನೆಲ್ಲ ಒಮ್ಮೆ ನೋಡಿದಳು. "ನಂಗೆ ಹಾಲು ಉಕ್ಕಬೇಕು ಅಂತೇನಿಲ್ಲ ಮೇಡಂ. ಬೆಳಿಗ್ಗೆ ಎದ್ರೆ ಎಲ್ರೂ ಮೊದ್ಲು ಪಾತ್ರೆ ನೋಡ್ತಾರೆ, ಆಮೇಲೆ ನನ್ನ ಮುಖ ನೋಡ್ತಾರೆ. ಅದೊಂದು ನಿಂತ್ರೆ ಸಾಕು. ಎಲ್ಲಿ ಸೈನ್ ಮಾಡ್ಬೇಕು?"

ಚೆನ್ನಾಜಮ್ಮ ಪಾಯಸದ ಡಬ್ಬಿಯ ಮುಚ್ಚಳ ಹಾಕಿಕೊಂಡರು. ಮರಿಸ್ವಾಮಿ ಹೆಂಡತಿಯ ಪಕ್ಕದಲ್ಲಿ ಕೂತು ಅತ್ತ, ಗಂಡಸರು ಅಳುವಂತೆ, ಯಾರೋ ತನ್ನನ್ನು ಹೊಡೆಯುತ್ತಿದ್ದಾರೆಂಬಂತೆ. ನನಗೂ ತಡೆಯಲಾಗಲಿಲ್ಲ. ಡಾಕ್ಟರು ಅವನಿಗೊಂದು ರಿಯಾಯಿತಿ ಕೊಟ್ಟರು. ಅವಳಿಗೆ ಅರಿವು ತಪ್ಪುವವರೆಗೆ ಬಾಗಿಲಲ್ಲಿ ನಿಂತಿರಬಹುದು, ಎಚ್ಚರವಾದಾಗ ಎದುರಿಗಿರಬಹುದು. ಅವನು ಪ್ರತಿ ಸಲವೂ ನಿಂತ. ಅವಳು ಕಣ್ಣು ಮುಚ್ಚುವ ಮುಂಚೆ ಕೈಯೆತ್ತುವಳಂತೆ, ಕಂಬದ ಬುಡದಲ್ಲಿರುವವರಿಗೆ ಮೇಲಿರುವ ಲೈನ್‌ಮನ್ ಎತ್ತುವ ಹಾಗೆ. ಚಿಕಿತ್ಸೆಯಿದ್ದ ದಿನಗಳಲ್ಲಿ ಆಸ್ಪತ್ರೆಯ ಲೈನಿನಲ್ಲಿ ಒಂದು ಸಲವೂ ಕರೆಂಟು ಹೋಗಲಿಲ್ಲ. ಊರಿನ ಮಿಕ್ಕ ಭಾಗದಲ್ಲಿ ಧಾರಾಳವಾಗಿ ಹೋಯಿತು. ಅದು ಆಕಸ್ಮಿಕವೆಂದು ಮರಿಸ್ವಾಮಿ ಹೇಳುತ್ತಾನೆ.

ಸ್ವಲ್ಪ ದಿನಕ್ಕೆ ಅವಳನ್ನು ಮನೆಗೆ ಕಳಿಸಿದರು, ಉಳಿದದ್ದಕ್ಕೆ ಹೋಗಿ ಬಂದರೆ ಸಾಕೆಂದು. ಬಂದ ಮಾರನೆಯ ದಿನ ಹಾಲು ಮತ್ತೆ ನಿಂತಿತು. ಬೀದಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ನಾವು ಹೇಳಿರಲಿಲ್ಲವೇ ಎನ್ನಲು ಎಷ್ಟೋ ಜನ ಬಾಯಿ ತೊಳೆದುಕೊಂಡು ಕಾದಿದ್ದರು. ಮೇಷ್ಟ್ರು ಜಗಲಿಯ ಮೇಲೆ ನಿಂತು ವಿಜ್ಞಾನಕ್ಕೂ ಮಿತಿಯಿದೆ ಎಂದರು. ಆದರೆ ಅವಳು ಅನ್ನ ಕಲಸಿ ತಿನ್ನತೊಡಗಿದ್ದಳು. ಒಂದು ದಿನ ಸ್ನಾನದ ಮನೆಯಿಂದ ಅತ್ತೆಗೆ ತಿರುಗಿ ಉತ್ತರ ಕೊಟ್ಟದ್ದು ಗೋಡೆಯಾಚೆ ನನಗೆ ಕೇಳಿಸಿತು. ಅದಕ್ಕಿಂತ ಇಂಪಾದದ್ದನ್ನು ನಾನು ಕೇಳಿಲ್ಲ. ಚೆನ್ನಾಜಮ್ಮ ಮಾತ್ರ ದಿನಾ ಬೆಳಿಗ್ಗೆ ಒಲೆಯ ಮುಂದೆ ನಿಂತು ಪಾತ್ರೆಯನ್ನು ದಿಟ್ಟಿಸುವರು, ತಿರುಗಿ ಸೊಸೆಯ ಮುಖವನ್ನು ನೋಡಲು ಹೊರಡುವರು, ಮಗ ಕೆಮ್ಮಿದರೆ ತಟ್ಟನೆ ಸೂರು ನೋಡುವರು. ಕೊನೆಗೆ ಆ ಕಷ್ಟ ತಾಳಲಾರದೆ ಮಗಳ ಮನೆಗೆ ಹೋದರು. ಹೋಗುವಾಗ ಕಾವಲಿಯನ್ನು ತೊಳೆದು ಒರೆಸಿ, ಒಲೆಯ ಪಕ್ಕದಲ್ಲೇ ಇಟ್ಟು, ಕಿಟಕಿ ತೆಗೆಯೋದು ಮರೀಬೇಡ ಎಂದು ಸೊಸೆಗೆ ಹೇಳಿ ಹೋದರಂತೆ.

ಅದಾಗಿ ಕೆಲವು ದಿನಗಳ ಮೇಲೆ, ನಾನು ನನ್ನ ಹಾಲನ್ನು ಒಲೆಗಿಟ್ಟು ಸೊಪ್ಪು ಸೋಸುತ್ತಿದ್ದೆ. ಆಚೆ ಮನೆಯಿಂದ ಸೀದ ಹಾಲಿನ ವಾಸನೆ ಬಂತು. ಅಯ್ಯೋ, ಇವಳೂ ಶುರುಮಾಡಿದಳಲ್ಲ ಅತ್ತೆಯ ವಿದ್ಯೆ ಎಂದುಕೊಂಡೆ. ಹೋಗಿ ನೋಡಲೂ ಧೈರ್ಯ ಬರಲಿಲ್ಲ. ಸೊಪ್ಪಿನ ಮುಂದೆ ಹಾಗೇ ಕೂತಿದ್ದೆ.

ದಾಕ್ಷಾಯಿಣಿಯೇ ಬಾಗಿಲಿಗೆ ಬಂದಳು. ಕೂದಲು ಕೆದರಿತ್ತು, ಮುಖ ಸಿಡಿಸಿಡಿ.

"ಅಕ್ಕ, ಒಲೆ ಒರೆಸೋ ಬಟ್ಟೆ ಇದ್ರೆ ಕೊಡಿ. ಹಾಲಿಟ್ಟಿದ್ದೇ ಮರ್ತೋಗಿದೆ ನಂಗೆ, ಈ ಹಾಳು ನೆನಪು. ಕಟ್ಟೆಯೆಲ್ಲ ಹರಿದೋಯ್ತು. ಆ ಸ್ಟೀಲ್ ಪಾತ್ರೆ ಬೇರೆ ತಳ ಹಿಡ್ಕೊಂಡು ಕೂತಿದೆ."

ನಾನು ಎದ್ದು ನನ್ನ ಒಲೆಯ ಪಕ್ಕದಲ್ಲಿದ್ದ ಬಟ್ಟೆ ಕೊಟ್ಟೆ. ಅವಳು ತೆಗೆದುಕೊಂಡು ಗೂಡಿನ ಕಡೆ ನೋಡಿದಳು.

"ನನ್ನ ಹಿತ್ತಾಳೆ ಪಾತ್ರೆ ಇಲ್ಲಿದೆಯಾ? ಮನೆಯೆಲ್ಲ ಹುಡುಕಿದೆ. ನಿಮಗ್ಯಾಕೆ ಕೊಟ್ಟಿದ್ದೆ ನಾನು?"

ನಾನು ಅವಳ ಮುಖ ನೋಡಿದೆ. ಬೇಕೆಂದು ಕೇಳುತ್ತಿರಲಿಲ್ಲ, ನಿಜವಾಗಿ ನೆನಪಿರಲಿಲ್ಲ.

"ಕಲಾಯಿ ಹಾಕಿಸಿಡಿ ಅಂತ ಕೊಟ್ಟಿದ್ದೆ ಕಣೆ. ಕಲಾಯಿಯವನು ಈ ಕಡೆ ಬಂದೇ ಇಲ್ಲ."

ಅವಳು ಪಾತ್ರೆ ಇಳಿಸಿಕೊಂಡು ಒಳಗೆ ಇಣುಕಿದಳು. "ಕಲಾಯಿ ಚೆನ್ನಾಗೇ ಇದೆಯಲ್ಲಕ್ಕ."

"ಅದಕ್ಕೇ ಹಾಕಿಸ್ಲಿಲ್ಲ."

"ನಿಮಗೂ ಆ ಮೇಡಂ ಹತ್ರ ಹೋಗೋ ವಯಸ್ಸಾಯ್ತು," ಎಂದು ಬಯ್ದುಕೊಂಡು, ಪಾತ್ರೆಯನ್ನು ಕಂಕುಳಿಗಿಟ್ಟುಕೊಂಡು, ಸಂಜೆ ಸೀರೆ ಕೊಟ್ಟು ಕಳಿಸಿ, ಆ ಅರ್ಧ ಕುಚ್ಚು ನೋಡಿದ್ರೆ ಯಾರಾದ್ರೂ ನನ್ನನ್ನ ಬೈತಾರೆ ಎಂದು ಹೇಳುತ್ತ ಹೋದಳು. ನಾನು ಬಾಗಿಲಲ್ಲಿ ನಿಂತು ಅತ್ತೆ. ಎಷ್ಟು ಹೊತ್ತು ಅತ್ತೆನೋ ಕಾಣೆ, ಬೆನ್ನ ಹಿಂದೆ ಬುಸ್ಸೆಂದಿತು. ನನ್ನ ಹಾಲು ಉಕ್ಕಿ, ಉರಿ ಆರಿಸಿ, ಕಟ್ಟೆಯಿಂದ ಇಳಿದು ಸೊಪ್ಪಿನ ಮೊರದ ತನಕ ಹರಿದಿತ್ತು. ಒರೆಸೋಣವೆಂದು ಕೈಚಾಚಿದರೆ ಬಟ್ಟೆ ಅವಳ ಮನೆಯಲ್ಲಿತ್ತು.